ಶಶಿಕಲಾ ಇಟ್ಟ ಮೊದಲ ಎಡೆ

ಸತ್ತವರನ್ನು ಊಟಕ್ಕೆ ಕರೆಯುವುದನ್ನು ನಾನು ನೋಡಿದ್ದು ನಾಯಂಡಹಳ್ಳಿಗೆ ಬಂದ ಮೇಲೆಯೇ. ನಮ್ಮದು ಗಜೇಂದ್ರಗಡ. ನಮ್ಮ ಮನೆಯಲ್ಲಿ ಸತ್ತವರು ಶಿವನ ಪಾದ ಸೇರಿದರು ಅಂದರೆ ಸೇರಿದರು, ಅವರನ್ನು ಮತ್ತೆ ಕರೆದು ತೊಂದರೆ ಕೊಡುವ ಪದ್ಧತಿಯಿಲ್ಲ. ಇಲ್ಲಿಯವರು ಹಾಗಲ್ಲ. ಪಿತೃಪಕ್ಷ ಬಂತೆಂದರೆ ಬೀದಿಗೆ ಬೀದಿಯೇ ಮಾಂಸದ ಸಾರಿನ ವಾಸನೆ. ‘ನಮ್ಮನೇಲಿ ಭಾನುವಾರ ಪಕ್ಷ, ಊಟಕ್ಕೆ ಬನ್ನಿ ಆಂಟಿ’ ಎಂದು ಮನೆಮನೆಯಿಂದ ಕರೆ. ಸತ್ತ ಹಿರಿಯರಿಗೆ ತಲೆಗೊಂದು ಬಾಳೆ ಎಲೆ ಹಾಕುತ್ತಾರೆ. ಬದುಕಿದ್ದಾಗ ಅವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬಂದು ನಿಲ್ಲುತ್ತಾರೆ. ಒಳಗೆ ಅವರು ಉಣ್ಣಬೇಕು. ಒಂದಷ್ಟು ಹೊತ್ತಾದ ಮೇಲೆ ಮನೆಯ ಹಿರಿಯರು ಬಾಗಿಲು ತಟ್ಟಿ, ಆಮೇಲೆ ತೆರೆಯುತ್ತಾರೆ. ತಟ್ಟದೆ ತೆರೆಯುವ ಹಾಗಿಲ್ಲ, ಉಣ್ಣುತ್ತ ಕೂತವರಿಗೆ ಅವಮಾನವಂತೆ. ಮೊದಲ ಸಲ ಇದನ್ನು ಕೇಳಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಈಗ ನಗುವುದಿಲ್ಲ.

ನಾನು ರೊಟ್ಟಿ ಮಾರುವ ಹೆಂಗಸು. ಜೋಳದ ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಕಡೆಯಿಂದ ಕೆಲಸಕ್ಕೆ ಬಂದ ಹುಡುಗರು, ಡೆಲಿವರಿ ಮಾಡುವವರು, ಗೋಡೌನಿನವರು ಎಲ್ಲ ನನ್ನ ಗಿರಾಕಿಗಳು. ನನಗೆ ಸಿಟ್ಟು ಬೇಗ, ಬಾಯಿ ಜೋರು, ದೆವ್ವ ಗಿವ್ವ ಅಂದರೆ ಮೈ ಉರಿಯುತ್ತದೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿ, ಅಕ್ಕವ್ವನಿಗೆ ವಯಸ್ಸಾಯಿತು, ತಲೆ ಕೆಟ್ಟಿತು ಎಂದು ಯಾರೂ ಅನ್ನಬಾರದು.

ಶಶಿಕಲಾ ನಮ್ಮ ಮನೆಯ ಮಾಲೀಕಳು. ಮಾಲೀಕಳು ಅಂದರೆ ಏನು ಮಹಾ, ಕೆಳಗಿನ ಎರಡು ಕೋಣೆಯ ಹಳೇ ಮನೆಯಲ್ಲಿ ಅವಳು, ಮೇಲಿನ ಶೀಟಿನ ಮನೆಯಲ್ಲಿ ನಾನು. ರಾಜಾಜಿನಗರದಲ್ಲಿ, ಡಾ. ರಾಜ್‌ಕುಮಾರ್ ರಸ್ತೆಯ ಒಂದು ಮ್ಯಾಚಿಂಗ್ ಸೆಂಟರಿನಲ್ಲಿ ಅವಳಿಗೆ ಕೆಲಸ. ಯಾವ ಸೀರೆ ತಂದು ಮುಂದೆ ಹಾಸಿದರೂ ಅದಕ್ಕೆ ಹೊಂದುವ ಬ್ಲೌಸ್ ಪೀಸನ್ನು ರಾಶಿಯೊಳಗಿಂದ ಎಳೆದು ಕೊಡುತ್ತಾಳೆ. ಬೆಳಿಗ್ಗೆ ಮೆಟ್ರೋ ಹತ್ತಿ ಹೋದರೆ ಕತ್ತಲಾಗುವ ಹೊತ್ತಿಗೆ ಕಾಲು ಎಳೆದುಕೊಂಡು ಬರುತ್ತಾಳೆ. ಮೆತ್ತಗಿನ ಮಾತು. ನಾನು ಹತ್ತು ಮಾತಾಡಿದರೆ ಅವಳದು ಒಂದು. ಮಗಳು ಚೇತನಾ ಪಿಯುಸಿ ಓದುತ್ತಾಳೆ. ಆ ಹುಡುಗಿಗೆ ತನ್ನ ಅಪ್ಪನ ಮುಖ ನೆನಪಿರುವುದು ಫೋನಿನ ಫೋಟೋದಿಂದ.

ಅಪ್ಪ ಎಂದರೆ ವೆಂಕಟಸ್ವಾಮಿ, ಶಶಿಯ ಗಂಡ. ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಲೇತ್ ಕೆಲಸದವ. ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಇಡ್ಲಿ ತಿಂದು, ‘ಬೈಕ್ ಸರ್ವಿಸ್‌ಗೆ ಬಿಟ್ಟು ಬರ್ತೀನಿ ಕಣೇ, ಬಂದು ಕಾಫಿ ಕುಡೀತೀನಿ’ ಅಂದು ಹೋದವನು ಬರಲೇ ಇಲ್ಲ. ಬೈಕು ಕೆಂಗೇರಿ ರೈಲ್ವೆ ಸ್ಟೇಷನ್ನಿನ ಹೊರಗೆ ಸಿಕ್ಕಿತು. ನೀಟಾಗಿ ಸ್ಟ್ಯಾಂಡ್ ಹಾಕಿ, ಲಾಕ್ ಮಾಡಿ, ಹೆಲ್ಮೆಟ್ಟನ್ನು ಕನ್ನಡಿಗೆ ತೂಗುಹಾಕಿ ಹೋಗಿದ್ದ. ಸಾಲವಿರಲಿಲ್ಲ, ಕುಡಿತವಿರಲಿಲ್ಲ, ಜಗಳವೂ ಇರಲಿಲ್ಲ. ಪೊಲೀಸರು ಹುಡುಕಿದರು, ನೆಂಟರು ಹುಡುಕಿದರು, ಆಸ್ಪತ್ರೆ, ಮಠ, ಛತ್ರ ಎಲ್ಲ ಆಯಿತು. ಹೆಣವೂ ಇಲ್ಲ, ಮನುಷ್ಯನೂ ಇಲ್ಲ. ಮೊದಮೊದಲು ಯಾರಾದರೊಬ್ಬರು ಬಂದು, ಮೆಜೆಸ್ಟಿಕ್‌ನಲ್ಲಿ ನೋಡಿದೆ, ಧರ್ಮಸ್ಥಳದಲ್ಲಿ ಊಟದ ಸಾಲಿನಲ್ಲಿ ನೋಡಿದೆ ಅನ್ನುತ್ತಿದ್ದರು. ಆಮೇಲೆ ಅದೂ ನಿಂತಿತು.

ನನಗೆ ಆ ಗಂಡಸಿನ ಮೇಲೆ ಎಂಥ ಸಿಟ್ಟಿತ್ತು ಅಂತೀರಿ! ಇರುವುದಿದ್ದರೆ ಇರಬೇಕು, ಹೋಗುವುದಿದ್ದರೆ ಹೇಳಿ ಹೋಗಬೇಕು. ಇದೇನು, ಹೆಂಡತಿಯನ್ನು ಹೊಸ್ತಿಲ ಮೇಲೆ ನಿಲ್ಲಿಸಿ ಹೋಗುವುದು? ಗೇಟಿನ ಸದ್ದಾದರೆ ಶಶಿಯ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು. ಮೈಗೆ ಸೋಪು ಹಚ್ಚಿಕೊಂಡಿದ್ದರೂ ಬಚ್ಚಲಿನಿಂದ ‘ಯಾರದು?’ ಎಂದು ಕೂಗುತ್ತಿದ್ದಳು. ಮನೆಗೆ ಸುಣ್ಣ ಹೊಡೆಸಿದಾಗ ಬಾಗಿಲಿನ ಬಣ್ಣ ಮಾತ್ರ ಬದಲಿಸಲು ಬಿಡಲಿಲ್ಲ, ಹಸಿರು ಬಾಗಿಲೇ ಇರಲಿ ಅಂದಳು. ಯಾಕೆಂದು ನಾನು ಕೇಳಲಿಲ್ಲ, ಕೇಳಿದ್ದರೆ ಅತ್ತುಬಿಡುತ್ತಿದ್ದೆ.

ಪಕ್ಷದ ಎಡೆಯನ್ನು ವರ್ಷ ವರ್ಷ ಹಾಕುತ್ತಿದ್ದವಳು ಶಶಿಯ ಅತ್ತೆ ಅಣ್ಣಮ್ಮ. ಆ ಮುದುಕಿ ನನ್ನ ಜೋಡಿ, ಬಾಯಿಗೆ ಬಾಯಿ ಕೊಡುವವಳು. ಗಂಡ ಬೆಟ್ಟಯ್ಯನಿಗೆ ಒಂದು ಎಲೆ, ಅವನ ಅಪ್ಪ ಅವ್ವನಿಗೆ ಒಂದೊಂದು ಎಲೆ, ಒಟ್ಟು ಮೂರೇ. ಮಗ ಹೋಗಿ ನಾಲ್ಕೈದು ವರ್ಷವಾದ ಮೇಲೆ ಯಾರೋ ನೆಂಟರು, ವೆಂಕಟಸ್ವಾಮಿಗೂ ಒಂದು ಎಲೆ ಹಾಕಬಾರದೇ ಎಂದಿದ್ದಕ್ಕೆ ಅಣ್ಣಮ್ಮ ಸೌಟು ಎತ್ತಿಕೊಂಡು ಎದ್ದಿದ್ದಳು.

“ನನ್ನ ಮಗ ಊಟಕ್ಕೆ ಬಂದ್ರೆ ನಮ್ಮ ಪಕ್ಕ ಕೂತ್ಕೊಂಡು ಉಣ್ತಾನೆ ಕಣೋ. ಬಾಗ್ಲು ಹಾಕ್ಕೊಂಡು ಉಣ್ಣೋ ಗತಿ ಅವನಿಗೆ ಬಂದಿಲ್ಲ. ಹೋಗು ಆಚೆ!”

ಅಂಥ ಅಣ್ಣಮ್ಮ ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡಳು. ಈ ವರ್ಷ ಅವಳ ವರ್ಷದ ಕಾರ್ಯವೂ ಮುಗಿದು, ಅವಳೂ ಎಲೆಗೆ ಬರುವವರ ಸಾಲಿಗೆ ಸೇರಿದಳು. ಎಡೆ ಹಾಕುವ ಸರದಿ ಶಶಿಯದಾಯಿತು.

ಅಡುಗೆ ಗೊತ್ತಿಲ್ಲವೆಂದಲ್ಲ. ಆದರೆ ಅತ್ತೆ ಇರುವ ತನಕ ಆ ದಿನ ಒಲೆಯ ಮುಂದೆ ಯಾರನ್ನೂ ಬಿಟ್ಟವಳಲ್ಲ, ಶಶಿಯ ಕೆಲಸ ಈರುಳ್ಳಿ ಹೆಚ್ಚುವುದು, ತೆಂಗಿನಕಾಯಿ ತುರಿಯುವುದು, ಅಷ್ಟೇ. ಈಗ ಎಲ್ಲ ಒಬ್ಬಳೇ. ಮೈದುನ ಶ್ಯಾಮಸುಂದರ ಮಹಾಲಕ್ಷ್ಮಿ ಲೇಔಟಿನಲ್ಲಿದ್ದಾನೆ. ‘ನಮ್ಮನೇಲೇ ಮಾಡೋಣ ಬಿಡಿ ಅತ್ತಿಗೆ, ನಿಮಗ್ಯಾಕೆ ಟೆನ್ಷನ್ನು’ ಎಂದು ಫೋನು ಮಾಡಿದ್ದ. ಹಿರಿಯರಿಗೆ ಗೊತ್ತಿರುವುದು ಈ ಬಾಗಿಲು, ಲಿಫ್ಟ್ ಹತ್ತಿ ನಿನ್ನ ಫ್ಲಾಟಿಗೆ ಎಲ್ಲಿ ಬರುತ್ತಾರೆ ಎಂದು ಶಶಿ ಒಪ್ಪಲಿಲ್ಲ.

ಚೇತನಾ ಫೋನಿನಲ್ಲಿ ಒಂದು ವಿಡಿಯೋ ಹುಡುಕಿ ತಂದಳು. ಮೊದಲ ಸಲ ಹಬ್ಬದ ಊಟ ಹಾಕುವವರು ಟೆನ್ಷನ್ ಇಲ್ಲದೆ ಹೇಗೆ ಮಾಡಬೇಕು ಎಂದು ಒಬ್ಬಳು ತುಟಿಗೆ ಬಣ್ಣ ಹಚ್ಚಿಕೊಂಡು ಹೇಳುತ್ತಿದ್ದಳು. ಅರ್ಧ ಕೆಲಸ ಹಿಂದಿನ ದಿನವೇ ಮುಗಿಸಿ, ಕೆಲಸ ಹಂಚಿಕೊಳ್ಳಿ, ನಡುನಡುವೆ ರುಚಿ ನೋಡುತ್ತಿರಿ, ಮುಖ್ಯವಾಗಿ ನಿಮ್ಮ ಅತಿಥಿಗಳ ಜೊತೆ ನಗುನಗುತ್ತ ಮಾತಾಡಿ.

“ಏ, ಬಂದ್ ಮಾಡ ಅದನ್ನ” ಅಂದೆ ನಾನು. “ಆಕಿ ಮನಿಗೆ ಬರೂ ಮಂದಿ ಬದುಕಿದ್ದವ್ರು. ನಿಮ್ಮ ಮಂದಿ ಉಪ್ಪು ಕಡಿಮಿ ಆದ್ರ ಬಾಯಿಬಿಟ್ಟು ಹೇಳೂದಿಲ್ಲ, ರಾತ್ರಿ ಕನಸಿನ್ಯಾಗ ಬರ್ತಾರ.”

ಶಶಿ ನಕ್ಕಳು. ನಗು ಪೂರ್ತಿ ಆಗಲಿಲ್ಲ. ರುಚಿ ನೋಡುವ ಹಾಗಿಲ್ಲ ಎನ್ನುವುದೇ ಅವಳ ದೊಡ್ಡ ಹೆದರಿಕೆಯಾಗಿತ್ತು. ಹಿರಿಯರು ಉಣ್ಣುವ ಮೊದಲು ಆ ಅಡುಗೆ ಯಾರ ನಾಲಿಗೆಗೂ ತಾಗಬಾರದು.

ಅದಕ್ಕಿಂತ ದೊಡ್ಡದೊಂದು ಇತ್ತು. ಅದನ್ನು ತಂದವನು ಶ್ಯಾಮ. ಅಮಾವಾಸ್ಯೆಗೆ ವಾರವಿರುವಾಗ, ಅಪ್ಪನಿಗೆ ಪಂಚೆ, ಅವ್ವನಿಗೆ ಸೀರೆ ತೆಗೆದುಕೊಂಡು ಬಂದ. ನಾನು ರೊಟ್ಟಿ ಕೊಡಲು ಕೆಳಗೆ ಇಳಿದಿದ್ದೆ. ಅವನು ಕಾಫಿ ಕುಡಿದು ಲೋಟ ಕೆಳಗಿಟ್ಟ. ಆಮೇಲೆ ಕವರಿನಿಂದ ಇನ್ನೊಂದು ಜೊತೆ ಪಂಚೆ-ಶರ್ಟು ತೆಗೆದು ಮಂಚದ ಮೇಲಿಟ್ಟ.

“ಅತ್ತಿಗೆ, ಬೇಜಾರ್ ಮಾಡ್ಕೋಬೇಡಿ. ಈ ಸಲ ಅಣ್ಣಂಗೂ ಒಂದು ಎಲೆ ಹಾಕಿಬಿಡೋಣ.”

ಶಶಿ ಶರ್ಟಿನ ಮಡಿಕೆ ಮುಟ್ಟಿ ಕೈ ಹಿಂದಕ್ಕೆ ತೆಗೆದುಕೊಂಡಳು.

“ಕನಸಲ್ಲಿ ಬರ್ತಾನೆ ಅತ್ತಿಗೆ. ಮಾತಾಡಲ್ಲ, ನನ್ನ ಕಡೆ ನೋಡೋದೂ ಇಲ್ಲ. ನಮ್ಮನೆ ಅಡುಗೆಮನೇಲಿ ಒಂದೊಂದೇ ಪಾತ್ರೆ ಮುಚ್ಚಳ ತೆಗೆದು ನೋಡ್ತಾನೆ, ಮುಚ್ತಾನೆ. ಬೆಳಿಗ್ಗೆ ಎದ್ದು ನನಗೆ ತಿಂಡಿ ಇಳಿಯಲ್ಲ. ಅವನು ಹಸ್ಕೊಂಡಿದಾನೆ.”

ಶ್ಯಾಮ ಕೆಟ್ಟವನಲ್ಲ. ಅಣ್ಣನ ಬೈಕನ್ನು ಪೊಲೀಸ್ ಸ್ಟೇಷನ್ನಿನಿಂದ ತಳ್ಳಿಕೊಂಡು ಬಂದವನು ಅವನೇ. ಶಶಿ ಆ ಬಟ್ಟೆಯನ್ನು ಮಡಿಕೆ ಕೆಡದ ಹಾಗೆ ಕವರಿಗೆ ಹಾಕಿ ಅವನ ಕೈಗೆ ಕೊಟ್ಟಳು.

“ಇಷ್ಟು ದಿನ ಅತ್ತೆ ತಡೆದಿದ್ರು ಶ್ಯಾಮ, ನಾನು ಬಚಾವಾಗಿದ್ದೆ. ಈಗ ಎಲೆ ಹಾಕೋ ಕೈ ನಂದು. ಹಾಕಿದ್ರೆ ಅವರನ್ನ ನಾನೇ ಸಾಯಿಸಿದ ಹಾಗೆ. ನನ್ನ ಕೈಲಿ ಆಗಲ್ಲಪ್ಪ. ನಾಲ್ಕೇ ಎಲೆ.”

ಅವನು ಹೋದ ಮೇಲೆ ನಾನು ಸುಮ್ಮನಿರಲಾರದೆ ಕೇಳಿದೆ, “ಶಶಿ, ನಿನ್ನ ಮನಸಿಗೆ ಏನ ಅನಸ್ತೈತಿ? ಖರೇ ಹೇಳು. ಅದಾನೋ ಇಲ್ಲೋ?”

“ಗೊತ್ತಿಲ್ಲ ಅಕ್ಕ. ಗೊತ್ತಾಗೋದೂ ಬೇಡ. ಗೊತ್ತಿಲ್ಲದೇ ಇದ್ರೆ ಒಂದು ದಿನ ಬರಬಹುದಲ್ಲ” ಅಂದಳು.

ಅಮಾವಾಸ್ಯೆಯ ದಿನ ಭಾನುವಾರ. ನಸುಕಿನಲ್ಲೇ ಶಶಿ ತಲೆಗೆ ನೀರು ಹಾಕಿಕೊಂಡು ಒಲೆ ಹಚ್ಚಿದಳು. ನಾನು ಮಾಂಸ ಮುಟ್ಟುವವಳಲ್ಲ, ಆದರೆ ಅವಳು ಒಬ್ಬಳೇ ಒದ್ದಾಡುವುದನ್ನು ನೋಡಲಾಗದೆ ಮೂಗಿಗೆ ಸೆರಗು ಕಟ್ಟಿಕೊಂಡು ವಡೆ, ಕಡುಬು ನನ್ನ ಪಾಲಿಗಿರಲಿ ಅಂದೆ. ಅವಳದು ಮಾಂಸದ ಸಾರು, ಬೋಟಿ ಗೊಜ್ಜು, ಮುದ್ದೆ, ಅನ್ನ, ಕುಂಬಳಕಾಯಿ ಪಲ್ಯ, ಪಾಯಸ. ಬೆಟ್ಟಯ್ಯನಿಗೆ ಒಂದು ಕಟ್ಟು ಬೀಡಿ, ಅಣ್ಣಮ್ಮನಿಗೆ ಎಲೆ ಅಡಿಕೆ, ಕಡ್ಡಿಪುಡಿ ಹೊಗೆಸೊಪ್ಪು. ಚೇತನಾ ಅಮ್ಮನಿಗೆ ಗಳಿಗೆಗೊಮ್ಮೆ ‘ಕೂಲ್ ಆಗಿರಮ್ಮ’ ಅನ್ನುತ್ತಿದ್ದಳು.

ಸಾರಿಗೆ ಉಪ್ಪು ಹಾಕುವಾಗ ಶಶಿಯ ಕೈ ನಿಂತಿತು. ಉಪ್ಪಿನ ಡಬ್ಬಿ ಹಿಡಿದು, ತಲೆಯನ್ನು ಸ್ವಲ್ಪ ಓರೆ ಮಾಡಿ, ಹಿಂದೆ ಯಾರೋ ಏನೋ ಹೇಳುವುದನ್ನು ಕೇಳುವವಳ ಹಾಗೆ ನಿಂತಳು. ಆಮೇಲೆ ಇನ್ನರ್ಧ ಹಿಡಿ ಹಾಕಿದಳು.

“ಯಾಕ, ಏನಾತು?”

“ಅತ್ತೆ ಇಲ್ಲೇ ನಿಂತಿದಾರೆ ಅಕ್ಕ. ಬಾಗ್ಲ ಹತ್ರ.”

“ನಿನ್ನ ತಲಿ! ನಸುಕಿಲಿಂದ ಹೊಟ್ಟ್ಯಾಗ ಹನಿ ನೀರಿಲ್ಲ, ಅದಕ್ಕ ಹಂಗ ಅನಸ್ತೈತಿ” ಎಂದು ಬೈದೆ. ಬೈದೆ ಸರಿ. ಆದರೆ ಅಡುಗೆಮನೆಯ ಬಾಗಿಲಿಗೆ ಅಡ್ಡ ಕೂತಿದ್ದ ನಾನು ನನಗೇ ತಿಳಿಯದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟಿದ್ದೆ. ಅಣ್ಣಮ್ಮನ ಮೈಯಿಂದ ಬರುತ್ತಿದ್ದ ಕಡ್ಡಿಪುಡಿಯ ವಾಸನೆ ಅಲ್ಲಿತ್ತು. ಪೊಟ್ಟಣ ಮುಂದಿನ ಕೋಣೆಯಲ್ಲಿತ್ತು, ಇನ್ನೂ ಒಡೆದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಶ್ಯಾಮ ಬಂದ. ಅವನ ಹೆಂಡತಿಯ ತವರಲ್ಲೂ ಅದೇ ದಿನ ಪಕ್ಷವಿದ್ದದ್ದರಿಂದ ಅವಳು ಅಲ್ಲಿಗೆ ಹೋಗಿದ್ದಳು. ಮಾಗಡಿಯಿಂದ ಚಿಕ್ಕಪ್ಪ ಬಂದರು. ಅವರು ಬೆಟ್ಟಯ್ಯನ ತಮ್ಮ, ಈಗ ಆ ವಂಶಕ್ಕೆ ಉಳಿದ ಹಿರಿಯರು ಅವರೊಬ್ಬರೇ. ಧೂಪ ಹಾಕಿ ಹಿರಿಯರನ್ನು ಹೆಸರು ಹಿಡಿದು ಕರೆಯುವ ಕೆಲಸ ಅವರದು. ಒಳ್ಳೆಯ ಮನುಷ್ಯ, ಕಣ್ಣು ಮಂಜು, ಕಾಲು ನಡುಗುತ್ತದೆ. ಗೇಟಿನಲ್ಲೇ ನಿಂತು, “ಏನಮ್ಮಾ ಶಶಿ, ಘಮ ಘಮ ಅಂತೈತೆ, ಬೀದಿ ಕೊನೇಗೇ ಗೊತ್ತಾಯ್ತು” ಅಂದರು. ಶಶಿಯ ಮುಖ ಆ ದಿನ ಅರಳಿದ್ದು ಆಗ ಒಂದೇ ಸಲ.

ಮುಂದಿನ ಕೋಣೆಯಲ್ಲಿ ಗೋಡೆಯ ಪಕ್ಕ ಕಳಶ ಇಟ್ಟು, ಬಟ್ಟೆ ಇಟ್ಟು, ನಾಲ್ಕು ಎಲೆ ಸಾಲಾಗಿ ಹಾಕಿದಳು. ಕಡೆಯದು ಅಣ್ಣಮ್ಮನದು. ಚೇತನಾ ಎಲೆಯ ಕಟ್ಟು ಹಿಡಿದು ನಿಂತಿದ್ದವಳು, “ನಾಲ್ಕಾ ಅಮ್ಮ?” ಎಂದು ಕೇಳಿದಳು. ನಾಲ್ಕೇ ಎಂದು ಶಶಿ ಮಗಳ ಕಡೆ ನೋಡದೆ ಹೇಳಿದಳು. ಬಡಿಸಿದ್ದಾಯಿತು. ಪ್ರತಿ ಎಲೆಯ ಪಕ್ಕ ಒಂದು ಸ್ಟೀಲ್ ಲೋಟದಲ್ಲಿ ನೀರು. ದೀಪ ಹಚ್ಚಿದ್ದಾಯಿತು.

ಚಿಕ್ಕಪ್ಪ ಕೆಂಡಕ್ಕೆ ಸಾಂಬ್ರಾಣಿ ಹಾಕಿದರು. ಹೊಗೆ ಎದ್ದು ಕೋಣೆ ತುಂಬಿತು, ಎದುರಿನವರ ಮುಖ ಕಾಣದಷ್ಟು. ಅವರು ಕಣ್ಣು ಮುಚ್ಚಿ, ಧೂಪವನ್ನು ಎಲೆಗಳ ಮುಂದೆ ಆಡಿಸುತ್ತ ಕರೆದರು.

“ಅಪ್ಪಾ, ಅವ್ವಾ, ಬನ್ನಿ. ಬೆಟ್ಟಣ್ಣಾ, ಬಾರಣ್ಣ. ಅತ್ತಿಗೆ, ಬನ್ನಿ. ವೆಂಕಟಸ್ವಾಮಿ, ಬಾ ಮಗ, ಊಟಕ್ಕೆ ಬಾ. ಎಲ್ಲಾರೂ ಕೂತ್ಕೊಂಡು ಹೊಟ್ಟೆ ತುಂಬ ಉಂಡು, ಮಕ್ಕಳನ್ನ ಚೆನ್ನಾಗಿಡಿ.”

ಬೇಕೆಂದು ಕರೆದದ್ದಲ್ಲ. ಆ ಮನುಷ್ಯ ಹಿಂದೆ ಮೂವರೂ ಇದ್ದ ಕಾಲದಲ್ಲಿ ಮಾಗಡಿಯಿಂದ ಬಂದಾಗಲೆಲ್ಲ ಅವರೇಕಾಯಿ ಚೀಲ ಇಳಿಸಿ ಬಾಗಿಲಲ್ಲಿ ಅದೇ ಸಾಲಿನಲ್ಲಿ ಕೂಗುತ್ತಿದ್ದರು, ಬೆಟ್ಟಣ್ಣಾ, ಅತ್ತಿಗೆ, ವೆಂಕಟಸ್ವಾಮಿ. ಮೊದಲಿನ ಎರಡು ಹೆಸರು ಬಂದ ಮೇಲೆ ಮೂರನೆಯದು ತಾನಾಗಿ ಬಂದುಬಿಟ್ಟಿತು. ಹೊಗೆಯಲ್ಲಿ ಎಲ್ಲರೂ ಕೆಮ್ಮುತ್ತ ಹೊರಗೆ ಬಂದೆವು. ಶ್ಯಾಮ ಬಾಗಿಲು ಎಳೆದುಕೊಂಡ. ಹೊರಗಿನ ಬೆಳಕಿಗೆ ಬಂದ ಮೇಲೆಯೇ ನಾನು ಶಶಿಯ ಮುಖ ನೋಡಿದ್ದು. ಅದರಲ್ಲಿ ರಕ್ತವಿರಲಿಲ್ಲ.

“ಚಿಕ್ಕಪ್ಪ” ಅಂದಳು, “ಯಾರ ಹೆಸರು ಕರೆದ್ರಿ?”

ಮುದುಕರಿಗೆ ಆಗ ತಿಳಿಯಿತು. ಬಾಯಿ ಮೇಲೆ ಕೈ ಇಟ್ಟುಕೊಂಡು ಅಲ್ಲೇ ಜಗಲಿಯ ಮೇಲೆ ಕುಸಿದರು. “ಅಯ್ಯಯ್ಯೋ! ಬಾಯಿ ತಪ್ಪಿ ಬಂತು ಕಣಮ್ಮ. ನಾನೇನು ಮಾಡಿಬಿಟ್ಟೆ, ನನ್ನ ನಾಲಿಗೆ ಸೇದೋಗ!”

ಶ್ಯಾಮ ಗೋಡೆ ಕಡೆ ತಿರುಗಿ ನಿಂತಿದ್ದ. ಹಾಗೇ ನಿಂತು ಹೇಳಿದ, “ಕರೆದಾಯ್ತಲ್ಲ ಅತ್ತಿಗೆ. ಕರೆದು ಎಲೆ ಹಾಕದೇ ಇದ್ರೆ…”

“ಹಾಕಲ್ಲ ಅಂದ್ನಲ್ಲ.”

“ಕರೆದೋರಿಗೆ ಎಲೆ ಇಲ್ಲ ಅಂದ್ರೆ ಹೆಂಗಮ್ಮ?” ಚಿಕ್ಕಪ್ಪ ಅಳುತ್ತಲೇ ಅಂದರು. “ಸತ್ತೋರ ಸಾಲಲ್ಲಿ ಬದುಕಿರೋನನ್ನ ಕರೆದ್ರೂ ಕೇಡು. ಸತ್ತೋನನ್ನ ಕರೆದು ಹಸಿದ ಹೊಟ್ಟೇಲಿ ಕಳಿಸಿದ್ರೂ ಕೇಡು. ನನಗೆ ಗೊತ್ತಾಗ್ತಿಲ್ಲ ಶಶಿ.”

ನನ್ನ ಸಿಟ್ಟು ನೆತ್ತಿಗೇರಿತು. ಸತ್ತವರಿಗೂ ಬದುಕಿದವರಿಗೂ ಈ ಹೆಣ್ಣುಮಗಳನ್ನು ಹಿಂಡುವುದೇ ಕೆಲಸವಾಯಿತೇ ಎಂದು ಬಾಯಿ ತೆರೆದೆ. ಆಗಲೇ ಒಳಗೆ ಸದ್ದಾಯಿತು.

ಲೋಟ ಉರುಳಿದ ಸದ್ದು. ಟಣ್ ಎಂದು ಬಿದ್ದು, ನೆಲದ ಮೇಲೆ ಉರುಳುತ್ತ ಉರುಳುತ್ತ ಹೋಗಿ, ಬಾಗಿಲಿನ ಹಿಂದೆಯೇ ಎಲ್ಲೋ ನಿಂತಿತು. ಬೆಕ್ಕು ಎಂದುಕೊಂಡೆ. ಆ ಮನೆಗೆ ಬೆಕ್ಕು ಬರುವ ಕಿಂಡಿಯಿಲ್ಲ. ಮೆಟ್ರೋ ಹೋದ ಅದುರಿಗೆ ಬಿದ್ದಿರಬೇಕು ಎಂದುಕೊಂಡೆ. ಮೆಟ್ರೋ ಆಗ ಹೋಗಿರಲಿಲ್ಲ. ನನ್ನ ತೋಳಿನ ಕೂದಲು ನಿಂತಿತು. ದೇವರಾಣೆ, ಇದನ್ನು ಹೇಳಲು ನನಗೇ ನಾಚಿಕೆ, ಆದರೆ ನಿಂತಿತು. ಚೇತನಾ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳು ತಣ್ಣಗಿದ್ದವು.

ಶಶಿ ಬಾಗಿಲ ಹತ್ತಿರ ಹೋದಳು. ತೆರೆಯಲಿಲ್ಲ. ಎರಡೂ ಕೈಯನ್ನು ಬಾಗಿಲಿಗೆ ಅಡ್ಡ ಇಟ್ಟು, ಹಣೆ ಒತ್ತಿ, ಮೆಲ್ಲಗೆ ಮಾತಾಡಿದಳು. ಮೊದಲು ನನಗೆ ಕೇಳಿಸಲಿಲ್ಲ. ಬರಬರುತ್ತ ದನಿ ಏರಿತು. ಆ ದನಿ ನಾನು ಅವಳ ಬಾಯಲ್ಲಿ ಎಂದೂ ಕೇಳಿದ್ದಲ್ಲ.

“ರೀ, ಬರಬೇಡಿ. ನಿಮ್ಮನ್ನ ಕರೆದಿಲ್ಲ. ಚಿಕ್ಕಪ್ಪಂಗೆ ವಯಸ್ಸಾಯ್ತು, ಬಾಯಿ ತಪ್ಪಿ ಕರೆದ್ರು. ನಿಮ್ಮ ಎಲೆ ಇಲ್ಲಿಲ್ಲ. ಅತ್ತೆ, ನೀವಾದ್ರೂ ಹೇಳಿ ಅವರಿಗೆ. ಇಲ್ಲಿ ಕೂರಬೇಡಿ ರೀ. ನಿಮಗೆ ಕೈ ಮುಗೀತೀನಿ, ಹಸಿವಾದ್ರೂ ಕೂರಬೇಡಿ. ಬರೋದಾದ್ರೆ ಗೇಟಿಂದ ಬನ್ನಿ, ಬೀದಿ ಕಡೆಯಿಂದ ಬನ್ನಿ, ಬೇರೆ ಹೆಂಗಸಿನ ಜೊತೆಗಾದ್ರೂ ಬನ್ನಿ, ನಾನೇನೂ ಕೇಳಲ್ಲ. ಒಳಗಡೆಯಿಂದ ಮಾತ್ರ ಬರಬೇಡಿ. ಹೋಗಿ ರೀ. ಹೋಗಿ!”

ಒಂಬತ್ತು ವರ್ಷ ಗೇಟಿನ ಸದ್ದಿಗೆ ಕಿವಿ ಕೊಟ್ಟು ಬನ್ನಿ ಬನ್ನಿ ಅಂದುಕೊಂಡೇ ಬದುಕಿದವಳು ಬಾಗಿಲಿಗೆ ಅಡ್ಡ ನಿಂತು ಹೋಗಿ ಅನ್ನುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಸುರಿಯಿತು. ಸೆರಗು ಇನ್ನೂ ಮೂಗಿಗೆ ಕಟ್ಟಿಕೊಂಡೇ ಇತ್ತು, ಅದರಲ್ಲೇ ಒರೆಸಿಕೊಂಡೆ.

ಇದ್ದಕ್ಕಿದ್ದಂತೆ ಅವಳು ಬಾಗಿಲಿನಿಂದ ಹಣೆ ತೆಗೆದು ನನ್ನ ಕಡೆ ತಿರುಗಿದಳು. ಕುಂಕುಮ ಅರ್ಧ ಅಳಿಸಿ ಬಾಗಿಲಿಗೆ ಅಂಟಿತ್ತು.

“ಅಕ್ಕ, ನಾನು ಯಾರ ಜೊತೆ ಮಾತಾಡ್ತಾ ಇದೀನಿ?”

ನಾನು ಸೆರಗಿನ ತುದಿಯಿಂದ ಅವಳ ಹಣೆ ಒರೆಸಲು ಹೋದೆ, ಅವಳು ತಲೆ ಹಿಂದಕ್ಕೆ ತೆಗೆದಳು.

“ಬದುಕಿರೋರು ಅಂತ ನನ್ನ ಮನಸ್ಸಲ್ಲಿ ಇದ್ದಿದ್ರೆ ನಾನು ಬೀದಿ ಕಡೆ ನೋಡ್ತಿದ್ದೆ. ಬಾಗ್ಲಿಗೆ ಹೇಳ್ತಾ ಇದೀನಲ್ಲ ಅಕ್ಕ. ಒಳಗಿದಾರೆ ಅಂತ ನಾನೇ ಹೇಳ್ತಾ ಇದೀನಲ್ಲ.”

ಹೇಳಿ, ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾರೂ ಹತ್ತಿರ ಹೋಗಲಿಲ್ಲ. ಎದುರು ಮನೆಯಲ್ಲಿ ಎಡೆ ಮುಗಿದಿತ್ತೇನೋ, ಊಟಕ್ಕೆ ಕೂತವರ ಗದ್ದಲ, ‘ಇನ್ನೊಂದು ಮುದ್ದೆ ಹಾಕಮ್ಮ’ ಎಂದು ಯಾರೋ ನಗುವುದು ಕೇಳುತ್ತಿತ್ತು. ಚೇತನಾ ಬಂದು ಅಮ್ಮನ ಪಕ್ಕ ಕೂತಳು. “ಅಮ್ಮ, ಅಪ್ಪ ಹಸ್ಕೊಂಡಿದ್ರೆ ಪಾಪ ಅಲ್ವಾ” ಅಂದಳು, ಅಷ್ಟೇ.

ಶಶಿ ಮಗಳ ತಲೆ ಸವರಿದಳು. ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಒಂದು ಎಲೆ ಕೊಡು ಪುಟ್ಟಿ. ಚೆನ್ನಾಗಿರೋದು ನೋಡಿ ಕೊಡು, ಹರಿದಿರೋದು ಬೇಡ. ಶ್ಯಾಮ, ಆ ಬಟ್ಟೆ ತಂದಿದೀಯಾ?”

ಶ್ಯಾಮ ತಂದಿದ್ದ. ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟುಕೊಂಡೇ ಬಂದಿದ್ದ. ಕೊಡುವಾಗ ಅವನು ಅಣ್ಣಾ ಎಂದು ಜೋರಾಗಿ ಅತ್ತ, ಗಂಡಸು ಹಾಗೆ ಅಳುವುದನ್ನು ನಾನು ಕಡಿಮೆ ನೋಡಿದ್ದೇನೆ.

ಶಶಿ ಬಾಗಿಲು ತಟ್ಟಿ ಒಳಗೆ ಹೋದಳು. ಸಾರಿನ ಪಾತ್ರೆ ಎತ್ತಿ ಕೊಡಲು ನಾನೂ ಹೋದೆ. ಹೊಗೆ ಇಳಿದಿರಲಿಲ್ಲ. ಉರುಳಿದ್ದು ಅಣ್ಣಮ್ಮನ ಎಲೆಯ ಪಕ್ಕದ ಲೋಟ. ನೀರು ಅವಳ ಎಲೆಯ ಆಚೆಗೆ, ಯಾರಿಗೂ ಎಲೆ ಹಾಕದೆ ಬಿಟ್ಟ ಜಾಗದಲ್ಲಿ ಹರಡಿ ನಿಂತಿತ್ತು. ಎಲೆ ಹಾಕುವ ಮೊದಲು ನೆಲಕ್ಕೆ ನೀರು ಚಿಮುಕಿಸಿ ಒರೆಸುತ್ತಾರಲ್ಲ, ಹಾಗೆ. ಶಶಿ ಅದನ್ನು ನೋಡಿದಳು.

“ಬಂದ್ರಾ” ಅಂದಳು.

ಕೆಲಸದಿಂದ ಬಂದ ಗಂಡನನ್ನು ಕೇಳುವ ದನಿ ಅದು. ಅವಳು ಅಂಗೈಯಿಂದ ಆ ನೀರನ್ನೇ ಸವರಿ ಎಲೆ ಹಾಕಿದಳು. ಬಟ್ಟೆ ಇಟ್ಟಳು. ಮುದ್ದೆ ಇಟ್ಟಳು, ನಡುವೆ ಗುಳಿ ಮಾಡಿ ಸಾರು ಹಾಕಿದಳು, ಮೇಲೆ ಎರಡು ತುಂಡು ಹೆಚ್ಚಿಗೆ ಹಾಕಿದಳು. ಪಲ್ಯ, ವಡೆ, ಪಾಯಸ. ಲೋಟಕ್ಕೆ ನೀರು ತುಂಬಿದಳು. ಬೆಳಿಗ್ಗೆಯಿಂದ ಹೆದರಿ ಹೆದರಿ ಬಡಿಸಿದವಳು ಈ ಒಂದು ಎಲೆಗೆ ಏನೂ ಹೆದರಲಿಲ್ಲ. ಅಷ್ಟಾದ ಮೇಲೆ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬೈದಳು.

“ಎಲ್ಲಿ ಹೋಗಿದ್ರಿ ಇಷ್ಟು ದಿನ? ಕಾಫಿಗೆ ಬರ್ತೀನಿ ಅಂದೋರು. ಮಗಳು ನನ್ನ ಎತ್ತರಕ್ಕೆ ಬಂದಿದಾಳೆ, ನೋಡ್ಕೊಳ್ಳಿ. ನಿಮ್ಮಮ್ಮ ಕಡೇವರೆಗೂ ನಿಮ್ಮನ್ನ ಬಿಟ್ಟುಕೊಡ್ಲಿಲ್ಲ. ನನ್ನ ಕೈಲಿ ಆಗ್ಲಿಲ್ಲ ಕಣ್ರೀ.” ಆಮೇಲೆ ದನಿ ಇಳಿಸಿ, “ಉಪ್ಪು ನೋಡಿಲ್ಲ. ಕಡಿಮೆ ಇದ್ರೆ ಬೈಬೇಡಿ” ಅಂದಳು.

ಹೊರಗೆ ಬಂದು ಬಾಗಿಲು ಮುಚ್ಚಿದೆವು. ಮತ್ತೆ ಕಾದೆವು. ಸಾಮಾನ್ಯವಾಗಿ ಕಾಯುವಷ್ಟು ಹೊತ್ತು ಕಳೆಯಿತು. ಚಿಕ್ಕಪ್ಪ ಶಶಿಯ ಮುಖ ನೋಡಿದರು. ತಟ್ಟಬೇಕಾದವರು ಅವರು. ಶಶಿ ತಲೆ ಅಲ್ಲಾಡಿಸಿದಳು.

“ಇನ್ನೂ ಇಲ್ಲ ಚಿಕ್ಕಪ್ಪ. ಅವರದು ನಿಧಾನದ ಊಟ.”

ಎಲ್ಲರಿಗೂ ಹಸಿವಾಗಿತ್ತು. ಬಿಸಿಲು ಜಗಲಿ ದಾಟಿ ಗೋಡೆ ಹತ್ತಿತು. ಆ ಬಾಗಿಲು ತೆರೆದರೆ ವೆಂಕಟಸ್ವಾಮಿ ಉಂಡು ಹೋದ ಹಾಗೆ, ಉಂಡು ಹೋದರೆ ಸತ್ತ ಹಾಗೆ, ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಮುಚ್ಚಿರುವಷ್ಟು ಹೊತ್ತು ಅವನು ಒಳಗೆ ಕೂತು ಊಟ ಮಾಡುತ್ತಿದ್ದಾನೆ. ಒಂಬತ್ತು ವರ್ಷದ ಮೇಲೆ ಗಂಡ ಮನೆಯೊಳಗಿದ್ದಾನೆ. ಸಾಕು, ಬಾಗಿಲು ತೆರೆ ಎಂದು ಅವಳಿಗೆ ಹೇಳಲು ಯಾರಿಗೆ ಮನಸ್ಸು ಬರುತ್ತದೆ? ನನಗಂತೂ ಬರಲಿಲ್ಲ. ನಾನು ಆ ಗಂಡಸಿನ ಮೇಲಿದ್ದ ಸಿಟ್ಟನ್ನೆಲ್ಲ ನುಂಗಿಕೊಂಡು, ಉಣ್ಣಪ್ಪ, ಸಾವಕಾಶ ಉಣ್ಣು ಎಂದು ಮನಸ್ಸಿನಲ್ಲೇ ಅಂದೆ.

ಕೊನೆಗೆ ಅವಳೇ ಎದ್ದಳು. ಚಿಕ್ಕಪ್ಪ ಏಳಲು ಹೋದರು, ಬೇಡವೆಂದು ಕೈ ಮಾಡಿದಳು. ಬೆರಳ ಗೆಣ್ಣಿನಿಂದ ಬಾಗಿಲನ್ನು ಮೆಲ್ಲಗೆ ತಟ್ಟಿದಳು.

“ರೀ, ಊಟ ಆಯ್ತಾ?”

ಕಿವಿಯನ್ನು ಬಾಗಿಲಿಗೆ ಇಟ್ಟು ನಿಂತಳು. ನಾನು ಅವಳ ಪಕ್ಕದಲ್ಲೇ ಇದ್ದೆ, ಮೈಗೆ ಮೈ ತಾಗುವಷ್ಟು ಹತ್ತಿರ. ನನಗೆ ಏನೂ ಕೇಳಿಸಲಿಲ್ಲ. ಅವಳು ಮಾತ್ರ ಒಂದೆರಡು ಸಲ ಹೂಂ, ಹೂಂ ಎಂದು ತಲೆಯಾಡಿಸಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನಮ್ಮ ಕಡೆ ತಿರುಗಿದಳು.

“ಆಯ್ತಂತೆ” ಅಂದಳು. “ಎಲ್ಲರೂ ಕೈ ತೊಳ್ಕೊಂಡು ಬನ್ನಿ, ನಿಮಗೆ ಎಲೆ ಹಾಕ್ತೀನಿ.”